ಅಕ್ಕಿ, ದುಡ್ಡು, ಬೇಳೆ: ಅನ್ನಭಾಗ್ಯದ ಎರಡು ವರ್ಷಗಳು ಬಡ ಮನೆಯ ಖರ್ಚಿನ ಬಗ್ಗೆ ಏನು ಹೇಳುತ್ತವೆ

2023ರ ಜುಲೈನಿಂದ 2025ರ ಆರಂಭದವರೆಗೆ ಕರ್ನಾಟಕದ ಬಿಪಿಎಲ್ ಮನೆಗಳಿಗೆ ಅರ್ಧ ಅಕ್ಕಿ, ಅರ್ಧ ದುಡ್ಡು ಬಂತು. ಐದು ಕೆ.ಜಿ. ಅಕ್ಕಿಯ ಬದಲು ತಲೆಗೆ 170 ರೂಪಾಯಿ. ಆ ದಿನಗಳಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಜನ ಆ ದುಡ್ಡಲ್ಲಿ ಅಕ್ಕಿ ತಗೊಂಡ್ರಾ, ಇಲ್ವಾ?

ನನಗೆ ಆ ಪ್ರಶ್ನೆಯೇ ಸರಿ ಅನಿಸಲಿಲ್ಲ. ಕೈಗೆ ನಾಲ್ಕು ಕಾಸು ಜಾಸ್ತಿ ಬಂದಾಗ ಒಂದು ಮನೆ ಮೊದಲು ಏನು ಕೊಳ್ಳುತ್ತದೆ, ಯಾವುದನ್ನು ಅಷ್ಟಕ್ಕೇ ನಿಲ್ಲಿಸುತ್ತದೆ? ಇದನ್ನು ತಿಳಿಯಲು ಅರ್ಥಶಾಸ್ತ್ರದವರು 160 ವರ್ಷಗಳಿಂದ ಮನೆಮನೆಯ ಲೆಕ್ಕ ಕೂಡಿಹಾಕುತ್ತಿದ್ದಾರೆ. ನಮ್ಮ ರಾಜ್ಯದಲ್ಲಿ ಅದೇ ಪ್ರಶ್ನೆ ನಾಲ್ಕು ಕೋಟಿಗೂ ಹೆಚ್ಚು ಜನರ ತಟ್ಟೆಯ ಮೇಲೆ ಬಂದು ಕುಳಿತಿತ್ತು. ಒಂದೇ ಸೌಲಭ್ಯ ಅದೇ ಮನೆಗಳಿಗೆ ಮೊದಲು ದುಡ್ಡಾಗಿ ಹೋಯಿತು, ಆಮೇಲೆ ಅಕ್ಕಿಯಾಗಿ ಹೋಯಿತು. ಕೊನೆಗೆ ಬೇಳೆ, ಎಣ್ಣೆಯಾಗಿ ಕೊಡುವ ತೀರ್ಮಾನ ಬಂತು. ಇಂಥ ಪ್ರಕರಣ ಸಿಗುವುದು ಅಪರೂಪ.

ಏನಾಯಿತು

ಅನ್ನಭಾಗ್ಯ ಹೊಸದೇನಲ್ಲ. 2013ರ ಮೇ ತಿಂಗಳಲ್ಲಿ ಸಿದ್ದರಾಮಯ್ಯ ಮೊದಲ ಸಲ ಮುಖ್ಯಮಂತ್ರಿಯಾದ ದಿನವೇ ಅದನ್ನು ಘೋಷಿಸಿದ್ದರು. ಜುಲೈನಲ್ಲಿ ಶುರುವಾಯಿತು. ಆಗ ಕೆ.ಜಿ.ಗೆ ಒಂದು ರೂಪಾಯಿ, ಒಂದು ಮನೆಗೆ 30 ಕೆ.ಜಿ.ವರೆಗೆ. 2015ರಲ್ಲಿ ಅದು ಪೂರ್ತಿ ಉಚಿತವಾಯಿತು. ಆಮೇಲೆ ಬಂದ ಸರ್ಕಾರಗಳು ತಲಾ ಪ್ರಮಾಣವನ್ನು ಏರಿಸಿದವು, ಇಳಿಸಿದವು.

2023ರ ಚುನಾವಣೆಯಲ್ಲಿ ಕಾಂಗ್ರೆಸ್ ಕೊಟ್ಟ ಐದು ಗ್ಯಾರಂಟಿಗಳಲ್ಲಿ ಒಂದು, ಬಿಪಿಎಲ್ ಕಾರ್ಡಿನ ಪ್ರತಿ ಸದಸ್ಯರಿಗೆ ತಿಂಗಳಿಗೆ 10 ಕೆ.ಜಿ. ಅಕ್ಕಿ. ಅದರಲ್ಲಿ ಐದು ಕೆ.ಜಿ. ಧಾನ್ಯ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಕೇಂದ್ರದಿಂದ ಬರುತ್ತಿತ್ತು. 2023ರ ಜನವರಿಯಿಂದ ಅದೂ ಉಚಿತವಾಗಿತ್ತು. ಉಳಿದ ಐದು ಕೆ.ಜಿ.ಯನ್ನು ರಾಜ್ಯವೇ ಹೊಂದಿಸಬೇಕಿತ್ತು. ಜೂನ್‌ನಲ್ಲಿ ಕೇಂದ್ರವು ಭಾರತೀಯ ಆಹಾರ ನಿಗಮದ ದಾಸ್ತಾನಿನಿಂದ ರಾಜ್ಯ ಸರ್ಕಾರಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಬೇರೆ ರಾಜ್ಯಗಳ ಕಡೆ ನೋಡಿದರೂ ಬೇಕಾದಷ್ಟು ಅಕ್ಕಿ, ಬೇಕಾದ ದರದಲ್ಲಿ ಸಿಗಲಿಲ್ಲ. ಕೊನೆಗೆ ನಿಗಮದ ದರವಾಗಿದ್ದ ಕೆ.ಜಿ.ಗೆ 34 ರೂಪಾಯಿಯ ಲೆಕ್ಕದಲ್ಲಿ ದುಡ್ಡನ್ನೇ ಖಾತೆಗೆ ಹಾಕುವ ತೀರ್ಮಾನವಾಯಿತು. ಐದು ಕೆ.ಜಿ.ಗೆ 170 ರೂಪಾಯಿ. ಆಧಾರ್ ಜೋಡಿಸಿದ ಖಾತೆ ಇಲ್ಲದವರಿಗೆ ಅದೂ ಕೂಡಲೇ ತಲುಪಲಿಲ್ಲ.

2025ರ ಫೆಬ್ರುವರಿಯಲ್ಲಿ ಸರ್ಕಾರ ಮತ್ತೆ ಅಕ್ಕಿಗೇ ಮರಳಿತು. ಅಷ್ಟರಲ್ಲಿ ಕೇಂದ್ರದ ಗೋದಾಮುಗಳು ತುಂಬಿದ್ದವು, ರಾಜ್ಯಗಳಿಗೆ ಕೆ.ಜಿ.ಗೆ 22 ರೂಪಾಯಿ 50 ಪೈಸೆಗೆ ಅಕ್ಕಿ ಸಿಗುವಂತಾಗಿತ್ತು. ಎಂಟು ತಿಂಗಳು ಕಳೆದ ಮೇಲೆ, 2025ರ ಅಕ್ಟೋಬರ್‌ನಲ್ಲಿ, ಹೆಚ್ಚುವರಿ ಐದು ಕೆ.ಜಿ. ಅಕ್ಕಿಯ ಬದಲು ಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಆಹಾರ ಕಿಟ್ ಕೊಡಲು ಸಚಿವ ಸಂಪುಟ ಒಪ್ಪಿತು. ಹೆಚ್ಚಿನ ಅಕ್ಕಿ ಕಾಳಸಂತೆಗೆ ಹೋಗುತ್ತಿದೆ, ಅದನ್ನು ತಡೆಯಬೇಕು ಎಂಬುದು ಕೊಟ್ಟ ಮುಖ್ಯ ಕಾರಣ.

ಕಾಳಸಂತೆ ಎಂದ ಕೂಡಲೇ ನಮ್ಮ ಗಮನ ದಲ್ಲಾಳಿಗಳ ಮೇಲೆ, ಲಾರಿಗಳ ಮೇಲೆ ಹೋಗುತ್ತದೆ. ಆದರೆ ಮನೆಗಳು ಅಕ್ಕಿಯನ್ನು ಯಾಕೆ ಬಿಟ್ಟುಕೊಟ್ಟವು ಎಂಬುದಕ್ಕೆ ಅಲ್ಲಿ ಉತ್ತರ ಇಲ್ಲ. ಉತ್ತರ ಇರುವುದು ಅಡುಗೆಮನೆಯಲ್ಲಿ.

ಒಬ್ಬರು ತಿಂಗಳಿಗೆ ಎಷ್ಟು ಧಾನ್ಯ ತಿನ್ನುತ್ತಾರೆ

ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2022-23ರಲ್ಲಿ ಮನೆಖರ್ಚಿನ ಸಮೀಕ್ಷೆ ಮಾಡಿದರು. ಅದರ ಪ್ರಕಾರ ಹಳ್ಳಿಯಲ್ಲಿ ಒಬ್ಬರು ತಿಂಗಳಿಗೆ ಸರಾಸರಿ ಸುಮಾರು 9.6 ಕೆ.ಜಿ. ಧಾನ್ಯ ತಿನ್ನುತ್ತಾರೆ. ನಗರದಲ್ಲಿ ಸುಮಾರು 8 ಕೆ.ಜಿ. ಇದು ಅಕ್ಕಿ, ಗೋಧಿ, ರಾಗಿ, ಜೋಳ ಎಲ್ಲ ಸೇರಿದ ಲೆಕ್ಕ, ಇಡೀ ದೇಶದ ಲೆಕ್ಕ. 2011-12ರಲ್ಲಿ ಹಳ್ಳಿಯ ಸರಾಸರಿ 11 ಕೆ.ಜಿ.ಗಿಂತ ಮೇಲಿತ್ತು. ಅದಕ್ಕೂ ಮೊದಲು ಇನ್ನೂ ಜಾಸ್ತಿ.

ಈಗ 10 ಕೆ.ಜಿ. ಅಕ್ಕಿಯ ಭರವಸೆಯನ್ನು ಇದರ ಪಕ್ಕ ಇಟ್ಟು ನೋಡಿ. ಹಳ್ಳಿಯ ಒಬ್ಬ ವ್ಯಕ್ತಿ ತಿನ್ನುವ ಎಲ್ಲ ಧಾನ್ಯಕ್ಕಿಂತ ಹೆಚ್ಚು ಅಕ್ಕಿಯನ್ನು, ಬರೀ ಅಕ್ಕಿಯನ್ನು, ಕೊಡುವ ಮಾತು ಅದು. ಅದರಲ್ಲೂ ಕರ್ನಾಟಕದಂಥ ರಾಜ್ಯದಲ್ಲಿ! ಮಂಡ್ಯ, ತುಮಕೂರು, ಕೋಲಾರದ ಕಡೆ ಒಂದು ಹೊತ್ತಿಗಾದರೂ ಮುದ್ದೆ ಬೇಕು. ಕಲಬುರಗಿ, ವಿಜಯಪುರದಲ್ಲಿ ಜೋಳದ ರೊಟ್ಟಿ ಇಲ್ಲದೆ ಊಟ ಆಗುವುದಿಲ್ಲ. ಕರಾವಳಿಯವರಿಗೆ ಅಕ್ಕಿಯೇ ಬೇಕು ನಿಜ, ಆದರೆ ಅವರು ಕೇಳುವುದು ಕುಚ್ಚಲಕ್ಕಿ.

ದುಡಿಯುವ ಗಂಡಸು ಸರಾಸರಿಗಿಂತ ಜಾಸ್ತಿ ತಿನ್ನುತ್ತಾನೆ, ಮಗು ಕಡಿಮೆ ತಿನ್ನುತ್ತದೆ. ಒಬ್ಬರೇ ಇರುವ ಅಜ್ಜಿಗೂ ಆರು ಜನರ ಮನೆಗೂ ಲೆಕ್ಕ ಬೇರೆ. ಆದರೂ ಒಟ್ಟಾರೆ ಚಿತ್ರ ಸ್ಪಷ್ಟ. ಮೊದಲ ಐದು ಕೆ.ಜಿ. ಬಡ ಮನೆಯ ಹಸಿವಿಗೆ ನೇರವಾಗಿ ಉತ್ತರ ಕೊಡುತ್ತದೆ. ಅಲ್ಲಿಂದ ಮುಂದೆ ಒಂದೆರಡು ಕೆ.ಜಿ. ಕೂಡ ಉಪಯೋಗಕ್ಕೆ ಬರುತ್ತದೆ, ಅಂಗಡಿಯಿಂದ ತರುವುದು ತಪ್ಪುತ್ತದೆ. ಆಮೇಲೆ ಬರುವ ಅಕ್ಕಿಗೆ ಹೊಟ್ಟೆಯಲ್ಲಿ ಜಾಗ ಇಲ್ಲ.

ಬೆಲ್ಜಿಯಂನ 153 ಮನೆಗಳು

ಇದನ್ನು ಮೊದಲು ಅಂಕಿ ಹಿಡಿದು ತೋರಿಸಿದವರು ಜರ್ಮನಿಯ ಸ್ಯಾಕ್ಸನಿಯ ಅಂಕಿಸಂಖ್ಯೆ ಕಚೇರಿಯಲ್ಲಿದ್ದ ಅರ್ನ್ಸ್ಟ್ ಎಂಗೆಲ್. 1857ರಲ್ಲಿ ಅವರು ಬೆಲ್ಜಿಯಂನ 153 ಕಾರ್ಮಿಕ ಕುಟುಂಬಗಳ ಖರ್ಚಿನ ಲೆಕ್ಕ ತೆಗೆದುಕೊಂಡರು. ಸರ್ಕಾರದ ನೆರವಿನಲ್ಲಿ ಬದುಕುವವರು, ನೆರವಿಲ್ಲದೆ ಹೇಗೋ ಬದುಕುವವರು, ಸ್ವಲ್ಪ ನೆಮ್ಮದಿಯಾಗಿರುವವರು ಎಂದು ಮೂರು ಗುಂಪು. ಮೊದಲ ಗುಂಪಿನವರ ಖರ್ಚಿನಲ್ಲಿ ಆಹಾರಕ್ಕೆ ಸುಮಾರು ಶೇ 71 ಹೋಗುತ್ತಿತ್ತು. ಎರಡನೆಯವರದ್ದು ಶೇ 67, ಮೂರನೆಯವರದ್ದು ಶೇ 62. ಆದಾಯ ಏರಿದಂತೆ ಊಟದ ಖರ್ಚು ರೂಪಾಯಿ ಲೆಕ್ಕದಲ್ಲಿ ಏರುತ್ತದೆ, ಆದರೆ ಒಟ್ಟು ಖರ್ಚಿನಲ್ಲಿ ಅದರ ಪಾಲು ಇಳಿಯುತ್ತದೆ. ಪಿಯುಸಿಯಲ್ಲಿ ಅರ್ಥಶಾಸ್ತ್ರ ಓದಿದವರಿಗೆ ಎಂಗೆಲ್ ನಿಯಮ ಎಂಬ ಹೆಸರು ನೆನಪಿರಬಹುದು.

ಭಾರತದಲ್ಲೂ ಅದೇ ಕಥೆ. 1999-2000ದಲ್ಲಿ ಹಳ್ಳಿ ಮನೆಯ ಖರ್ಚಿನಲ್ಲಿ ಆಹಾರದ ಪಾಲು ಶೇ 59ರಷ್ಟಿತ್ತು. 2022-23ಕ್ಕೆ ಅದು ಶೇ 46ಕ್ಕೆ ಬಂತು. ನಗರದಲ್ಲಿ ಶೇ 48ರಿಂದ ಶೇ 39ಕ್ಕೆ. ಸಮೀಕ್ಷೆ ಮಾಡುವ ವಿಧಾನ ನಡುವೆ ಬದಲಾಗಿದೆ, ಹಾಗಾಗಿ ಪಾಯಿಂಟು ಪಾಯಿಂಟು ಹಿಡಿದು ಹೋಲಿಸುವುದು ಬೇಡ. ಆದರೆ ದಿಕ್ಕಿನ ಬಗ್ಗೆ ಅನುಮಾನ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಹಾರದ ಒಳಗೇ ಆದ ಬದಲಾವಣೆ. 1999-2000ದಲ್ಲಿ ಹಳ್ಳಿ ಮನೆಯ ನೂರು ರೂಪಾಯಿಯಲ್ಲಿ 22 ರೂಪಾಯಿ ಧಾನ್ಯಕ್ಕೆ ಹೋಗುತ್ತಿತ್ತು. 2022-23ರಲ್ಲಿ ಐದು ರೂಪಾಯಿಗಿಂತ ಚೂರು ಕಡಿಮೆ. ಉಚಿತ ರೇಷನ್ನಿನ ಬೆಲೆ ಈ ಲೆಕ್ಕದಲ್ಲಿ ಸೇರಿಲ್ಲ, ಅದೂ ಒಂದು ಕಾರಣ. ಅದನ್ನು ಬಿಟ್ಟು ನೋಡಿದರೂ ಇದು ದೊಡ್ಡ ಕುಸಿತ. ಹಾಲು, ಹಾಲಿನ ಪದಾರ್ಥಕ್ಕೆ ಅದೇ ಹಳ್ಳಿ ಮನೆ ನೂರಕ್ಕೆ ಎಂಟು ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುತ್ತದೆ. ಟೀ, ತಿಂಡಿ, ಹೋಟೆಲ್ ಊಟ, ಪ್ಯಾಕೆಟ್ ಪದಾರ್ಥ ಎಲ್ಲ ಸೇರಿ ಒಂಬತ್ತೂವರೆ ರೂಪಾಯಿ. ಅಂದರೆ ಧಾನ್ಯದ ಎರಡು ಪಟ್ಟು.

ಈ ಒಂಬತ್ತೂವರೆ ರೂಪಾಯಿ ನೋಡಿ "ಬಡವರು ಬಿಸ್ಕತ್ತು, ಕುರುಕಲು ತಿಂದು ದುಡ್ಡು ಹಾಳು ಮಾಡ್ತಾರೆ" ಎನ್ನುವವರು ಬಹಳ ಜನ. ನನಗೆ ಆ ಮಾತು ಕೇಳಿದರೆ ಬೇಸರವಾಗುತ್ತದೆ. ಕಟ್ಟಡದ ಕೆಲಸಕ್ಕೆ ಬೆಳಿಗ್ಗೆ ಆರಕ್ಕೆ ಹೊರಟವರಿಗೆ ಹತ್ತು ಗಂಟೆಯ ಟೀ-ಬನ್ನೇ ತಿಂಡಿ. ಒಲೆಯ ಮುಂದೆ ಕೂರಲು ಹೊತ್ತು ಇಲ್ಲದ ಮನೆ ಹೊರಗಡೆ ತಿನ್ನುತ್ತದೆ. ಹೆಂಗಸರೂ ಕೂಲಿಗೆ ಹೋಗುವ ಮನೆಗಳಲ್ಲಿ ಇದು ಸಮಯದ ಲೆಕ್ಕವೂ ಹೌದು.

ಇನ್ನೊಂದು ಅಧ್ಯಯನ ನಮ್ಮ ಪಕ್ಕದ ರಾಜ್ಯದ್ದು. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಮತ್ತು ಶಂಕರ್ ಸುಬ್ರಮಣಿಯನ್ ಮಹಾರಾಷ್ಟ್ರದ ಹಳ್ಳಿಗಳ 1983ರ ಲೆಕ್ಕ ಹಿಡಿದು 1996ರಲ್ಲಿ ಅದನ್ನು ಪ್ರಕಟಿಸಿದರು. ಮನೆಯ ಖರ್ಚಿನ ಶಕ್ತಿ ಏರಿದಾಗ ಆಹಾರಕ್ಕೆ ಹೋಗುವ ಹೆಚ್ಚಿನ ದುಡ್ಡಿನಲ್ಲಿ ಸುಮಾರು ಅರ್ಧ ಮಾತ್ರ ಹೆಚ್ಚು ಕ್ಯಾಲರಿಗೆ ಹೋಗುತ್ತದೆ. ಉಳಿದರ್ಧ ರುಚಿಗೆ, ಅಂದರೆ ಅದೇ ಕ್ಯಾಲರಿಯನ್ನು ಹೆಚ್ಚು ಬೆಲೆ ಕೊಟ್ಟು ತಿನ್ನುವುದಕ್ಕೆ. ಹಾಗಂತ ಆ ಮನೆಯವರೇನು ಸಾಹುಕಾರರಲ್ಲ. ಜೋಳದಿಂದ ಅಕ್ಕಿಗೆ, ಅಕ್ಕಿಯಿಂದ ಒಳ್ಳೆ ಅಕ್ಕಿಗೆ, ಬರೀ ಖಾರದಿಂದ ಬೇಳೆ ಸಾರಿಗೆ ದಾಟುವ ಬಡವರು.

170 ರೂಪಾಯಿಯ ತೂಕ

2022-23ರಲ್ಲಿ ಭಾರತದ ಹಳ್ಳಿಯ ಒಬ್ಬರ ತಿಂಗಳ ಖರ್ಚು ಸರಾಸರಿ 3,773 ರೂಪಾಯಿ. ಅದರಲ್ಲಿ ಧಾನ್ಯದ ಪಾಲು ಶೇ 4.91. ಗುಣಿಸಿದರೆ ಸುಮಾರು 185 ರೂಪಾಯಿ. ಅಂದರೆ ಸರಾಸರಿ ಹಳ್ಳಿಗರು ತಿಂಗಳಿಡೀ ಧಾನ್ಯಕ್ಕೆ ಮಾಡುವ ಒಟ್ಟು ಖರ್ಚಿನ ಹತ್ತಿರಹತ್ತಿರದ ಮೊತ್ತವೇ ಈ 170. ಅಷ್ಟನ್ನೂ ಅಕ್ಕಿಗೇ ಹಾಕಿ ಎಂದರೆ, ಈಗ ಕೊಳ್ಳುತ್ತಿರುವುದರ ಜೊತೆಗೆ ಇನ್ನೂ ಅಷ್ಟೇ ಕೊಳ್ಳಿ ಎಂದ ಹಾಗೆ. ಹೊಟ್ಟೆ ತುಂಬಿದ ಯಾರೂ ಹಾಗೆ ಮಾಡುವುದಿಲ್ಲ.

ಲೆಕ್ಕ ಅರ್ಥವಾಗಲು ಐದು ಜನರ ಒಂದು ಮನೆ ಕಲ್ಪಿಸಿಕೊಳ್ಳೋಣ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಬ್ಬ ಅತ್ತೆ. ಬೆಳಿಗ್ಗೆ ಮುದ್ದೆ, ರಾತ್ರಿ ಅನ್ನ. ಇವರಿಗೆ ತಿಂಗಳಿಗೆ 33 ಕೆ.ಜಿ. ಅಕ್ಕಿ ಸಾಕು ಎಂದಿಟ್ಟುಕೊಳ್ಳಿ. 25 ಕೆ.ಜಿ. ಉಚಿತವಾಗಿ ಬರುತ್ತದೆ. ಉಳಿದ ಎಂಟು ಕೆ.ಜಿ.ಯನ್ನು ಅಂಗಡಿಯಿಂದ, ಕೆ.ಜಿ.ಗೆ 40 ರೂಪಾಯಿಯಂತೆ ತರುತ್ತಾರೆ. ಖರ್ಚು 320 ರೂಪಾಯಿ. ಈ ಅಂಗಡಿ ದರ, ಮುಂದೆ ಬರುವ ಮರುಮಾರಾಟದ ದರ ಎರಡೂ ನಾನು ಉದಾಹರಣೆಗೆ ಇಟ್ಟುಕೊಂಡವು.

ಸರ್ಕಾರ ಇನ್ನೂ 25 ಕೆ.ಜಿ. ಅಕ್ಕಿ ಕೊಟ್ಟರೆ ಈ 320 ರೂಪಾಯಿ ಉಳಿಯಿತು. ಇನ್ನು 17 ಕೆ.ಜಿ. ಮೂಲೆಯಲ್ಲಿ ಕೂತಿತು. ಹುಳ ಬೀಳುವ ಮೊದಲು ಅದನ್ನು ಯಾರಿಗಾದರೂ 15 ರೂಪಾಯಿಯಂತೆ ಕೊಟ್ಟರೆ 255 ರೂಪಾಯಿ. ಎರಡೂ ಸೇರಿ ಆ ಮನೆಗೆ ಬಂದ ಲಾಭ 575. ಅದೇ ದುಡ್ಡಾಗಿ ಬಂದಿದ್ದರೆ 850. ನಡುವಿನ 275 ರೂಪಾಯಿ ದಾರಿಯಲ್ಲೇ ಸೋರಿಹೋಯಿತು. ಇದರ ಮೇಲೆ ರೇಷನ್ ಅಕ್ಕಿ ಮಾರುವುದು ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ಕಾರ್ಡೇ ಹೋಗಬಹುದು. ಆ ಭಯದಿಂದಲೇ ಮನೆಗೆ ಸಿಗುವ ಬೆಲೆ ಇನ್ನೂ ಕೆಳಗಿಳಿಯುತ್ತದೆ. ಮಧ್ಯದವನಿಗೆ ಲಾಭ ಅಲ್ಲೇ.

ಅಕ್ಕಿ ಬಿಟ್ಟುಕೊಡುವ ಮನೆ ಆ ದುಡ್ಡಲ್ಲಿ ಏನು ತರುತ್ತದೆ? ಎಷ್ಟೋ ಸಲ ಅಕ್ಕಿಯನ್ನೇ! ರೇಷನ್ ಅಕ್ಕಿ ಕೊಟ್ಟು, ಅದರ ಮೇಲೆ ಒಂದಿಷ್ಟು ದುಡ್ಡು ಹಾಕಿ ಸೋನಾ ಮಸೂರಿ ತರುವುದು ನಮ್ಮಲ್ಲಿ ಹಳೆಯ ರೂಢಿ. ರೇಷನ್ ಅಕ್ಕಿ ಇಡ್ಲಿ, ದೋಸೆ ಹಿಟ್ಟಿಗೆ, ಊಟಕ್ಕೆ ಅಂಗಡಿ ಅಕ್ಕಿ. ಇತ್ತೀಚಿನ ವರ್ಷಗಳಲ್ಲಿ ರೇಷನ್ ಅಕ್ಕಿಗೆ ಕಬ್ಬಿಣಾಂಶ, ಜೀವಸತ್ವ ಸೇರಿಸಿದ ಸಾರವರ್ಧಿತ ಕಾಳು ಬೆರೆಸತೊಡಗಿದರು. ಅದು ಪ್ಲಾಸ್ಟಿಕ್ ಅಕ್ಕಿ ಎಂಬ ಸುಳ್ಳು ಸುದ್ದಿ ಹಳ್ಳಿಹಳ್ಳಿಗೆ ಹಬ್ಬಿತು. ಒಳ್ಳೆಯ ಉದ್ದೇಶದ ಕೆಲಸಕ್ಕೆ ಇಂಥ ಅಪನಂಬಿಕೆ ಬಂದದ್ದು ದುಃಖದ ಸಂಗತಿ.

ಆದಾಯ ಏರಿದಾಗ ಬೇಡಿಕೆ ಇಳಿಯುವ ಪದಾರ್ಥವನ್ನು ಅರ್ಥಶಾಸ್ತ್ರದಲ್ಲಿ ಕೆಳದರ್ಜೆ ಸರಕು ಎನ್ನುತ್ತಾರೆ. ಆದರೆ ಯಾವ ಸರಕೂ ಹುಟ್ಟಿನಿಂದ ಕೆಳದರ್ಜೆಯಲ್ಲ. ರಾಗಿಯನ್ನೇ ನೋಡಿ. ಒಂದು ಕಾಲಕ್ಕೆ ಅನ್ನ ಉಣ್ಣಲು ಗತಿಯಿಲ್ಲದವರ ಊಟ ಎನಿಸಿಕೊಂಡಿತ್ತು, ಹಬ್ಬಕ್ಕೆ ಮಾತ್ರ ಅನ್ನ. ಈಗ ಸಕ್ಕರೆ ಕಾಯಿಲೆಯ ಭಯದಿಂದ ಬೆಂಗಳೂರಿನ ಉಳ್ಳವರು ರಾಗಿ, ನವಣೆಯನ್ನು ಪ್ಯಾಕೆಟ್ಟಿನಲ್ಲಿ ದುಬಾರಿ ಬೆಲೆ ಕೊಟ್ಟು ತರುತ್ತಾರೆ. ಅದೇ ಕಾಳು ಆದಾಯದ ಒಂದು ಮೆಟ್ಟಿಲಲ್ಲಿ ಬಿಟ್ಟುಹೋಗುತ್ತದೆ, ಇನ್ನೊಂದು ಮೆಟ್ಟಿಲಲ್ಲಿ ಮರಳಿ ಬರುತ್ತದೆ.

ಚೀನಾದಲ್ಲಿ ಇದಕ್ಕಿಂತ ಮುಂದೆ ಹೋದ ಒಂದು ಪ್ರಯೋಗ ನಡೆದಿದೆ. ರಾಬರ್ಟ್ ಜೆನ್ಸನ್ ಮತ್ತು ನೋಲನ್ ಮಿಲ್ಲರ್ ಎಂಬ ಇಬ್ಬರು ಹುನಾನ್ ಪ್ರಾಂತ್ಯದ ಬಡ ಮನೆಗಳಿಗೆ ಅಕ್ಕಿಯನ್ನು ಅಗ್ಗ ಮಾಡಿಕೊಟ್ಟರು. ಜನ ಅಕ್ಕಿಯನ್ನು ಕಡಿಮೆ ಕೊಂಡರು. ಅಗ್ಗವಾದ್ದರಿಂದ ಕೈಯಲ್ಲಿ ದುಡ್ಡು ಉಳಿಯಿತು, ಆ ದುಡ್ಡಿನಿಂದ ಊಟದಲ್ಲಿ ಬೇರೆ ಪದಾರ್ಥಗಳಿಗೆ ಜಾಗ ಸಿಕ್ಕಿತು, ಅಕ್ಕಿ ಅಷ್ಟು ಬೇಕಾಗಲಿಲ್ಲ. 2008ರಲ್ಲಿ ಇದು ಪ್ರಕಟವಾಯಿತು. ನಮ್ಮಲ್ಲಿ ಹಾಗೇ ಆಯಿತು ಎನ್ನುತ್ತಿಲ್ಲ. ಅಕ್ಕಿ ಅಗ್ಗವಾದರೆ ಬಡವರು ಜಾಸ್ತಿ ಅಕ್ಕಿ ತಿನ್ನುತ್ತಾರೆ ಎಂಬ ಊಹೆ ಎಷ್ಟು ದುರ್ಬಲ ಎಂದು ತೋರಿಸಲು ಹೇಳಿದೆ.

ಅದೇ ಹೊತ್ತಿಗೆ ಬಂದ ಇನ್ನೊಂದು ದುಡ್ಡು

170 ರೂಪಾಯಿಯನ್ನು ಒಂಟಿಯಾಗಿ ನೋಡಿದರೆ ಮನೆಯ ಲೆಕ್ಕ ಪೂರ್ತಿ ಸಿಗುವುದಿಲ್ಲ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. 200 ಯೂನಿಟ್ ಒಳಗೆ ಕರೆಂಟು ಉಚಿತ. ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾಯಿತು, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ನಮ್ಮ ಐದು ಜನರ ಮನೆಗೆ ಅನ್ನಭಾಗ್ಯದ 850 ಮತ್ತು ಗೃಹಲಕ್ಷ್ಮಿಯ 2,000 ಸೇರಿ 2,850. ತಲೆಗೆ 570.

ಕರ್ನಾಟಕದ ಹಳ್ಳಿಗಳಲ್ಲಿ 2022-23ರಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 4,397 ರೂಪಾಯಿ. ಅದಕ್ಕೆ ಹೋಲಿಸಿದರೆ 570 ಎಂದರೆ ಶೇ 13. ಆದರೆ ದೇಶದ ಹಳ್ಳಿಗಳಲ್ಲಿ ತೀರಾ ಕೆಳಗಿನ ಶೇ 5 ಜನರ ಖರ್ಚು ಬರೀ 1,373 ರೂಪಾಯಿ. ಅಂಥ ಮನೆಗೆ 570 ಎಂದರೆ ಶೇ 40ಕ್ಕಿಂತ ಜಾಸ್ತಿ. ಒಂದೇ ಮೊತ್ತ ಒಂದು ಮನೆಗೆ ಸಣ್ಣ ಆಸರೆ, ಇನ್ನೊಂದು ಮನೆಯ ಊಟವನ್ನೇ ಬದಲಿಸುವಷ್ಟು. ಅದಕ್ಕೇ "ಬಡವರು ಗ್ಯಾರಂಟಿ ದುಡ್ಡನ್ನು ಹೀಗೆ ಖರ್ಚು ಮಾಡುತ್ತಾರೆ" ಎಂದು ಒಂದೇ ಉಸಿರಿನಲ್ಲಿ ಹೇಳುವುದು ತಪ್ಪು. ಬಿಪಿಎಲ್ ಕಾರ್ಡಿನ ಒಳಗೂ ಹತ್ತು ಮೆಟ್ಟಿಲುಗಳಿವೆ. ತೀರಾ ಕೆಳಗಿನ ಮೆಟ್ಟಿಲಲ್ಲಿ ಇನ್ನೂ ಹೊಟ್ಟೆ ತುಂಬ ಅನ್ನ ಉಣ್ಣದವರಿದ್ದಾರೆ. ಅವರಿಗೆ ಆರನೆಯ ಕೆ.ಜಿ. ಅಕ್ಕಿಯೂ ಬೇಕು, ಏಳನೆಯದೂ ಬೇಕು. ಎರಡು ಮೆಟ್ಟಿಲು ಮೇಲಿರುವವರಿಗೆ ಬೇಳೆ, ಎಣ್ಣೆ, ಮೊಟ್ಟೆ ಬೇಕು. ಇನ್ನೂ ಮೇಲೆ ಹೋದರೆ ಮಕ್ಕಳ ಟ್ಯೂಷನ್, ಬೈಕಿನ ಕಂತು, ಮೊಬೈಲ್.

ದುಡ್ಡು ಎಷ್ಟು ಬಂತು ಎಂಬುದರಷ್ಟೇ ಮುಖ್ಯ, ಅದು ಯಾವಾಗ ಬಂತು ಎಂಬುದು. ಪ್ರತಿ ತಿಂಗಳು ತಪ್ಪದೆ ಬರುವ ಸಣ್ಣ ಮೊತ್ತ ದಿನಸಿ ಅಂಗಡಿಯ ಉದ್ರಿ ಖಾತೆಗೆ, ಸಂಘದ ಕಂತಿಗೆ, ಗ್ಯಾಸ್ ಸಿಲಿಂಡರಿಗೆ ಸೇರಿಕೊಂಡು ಕಣ್ಣಿಗೆ ಕಾಣದ ಹಾಗೆ ಕರಗುತ್ತದೆ. ಬರುತ್ತದೆ ಎಂಬ ನಂಬಿಕೆ ಇದ್ದರೆ ಅಂಗಡಿಯವನೂ ಉದ್ರಿ ಕೊಡುತ್ತಾನೆ. ಎರಡು-ಮೂರು ತಿಂಗಳು ತಡವಾಗಿ ಒಟ್ಟಿಗೆ ಬಿದ್ದ ದುಡ್ಡು ಬೇರೆ ದಾರಿ ಹಿಡಿಯುತ್ತದೆ: ಮಿಕ್ಸಿ, ಫ್ರಿಜ್ಜು, ಕಿವಿಯೋಲೆ ಬಿಡಿಸಿಕೊಳ್ಳುವುದು. ಗೃಹಲಕ್ಷ್ಮಿಯ ಕಂತುಗಳು ಹೀಗೆ ತಡವಾಗಿ ಬಂದದ್ದುಂಟು. ಕಂತುಗಳನ್ನು ಹಾಗೇ ಕೂಡಿಟ್ಟವರ ಸುದ್ದಿಗಳೂ ಪತ್ರಿಕೆಗಳಲ್ಲಿ ಬಂದವು. ಒಂದು ಮನೆಯಲ್ಲಿ ಅತ್ತೆ-ಸೊಸೆ ಸೇರಿ ಕೊಳವೆಬಾವಿ ತೆಗೆಸಿದರು. ಉತ್ತರ ಕರ್ನಾಟಕದ ಒಬ್ಬ ಅಜ್ಜಿ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದರು. ಅದು ಓದಿ ನನಗೆ ನಿಜಕ್ಕೂ ಸಂತೋಷವಾಯಿತು. ಹೋಳಿಗೆ ಊಟವನ್ನು ಯಾವ ಕೋಷ್ಟಕದಲ್ಲಿ ಹಾಕುತ್ತೀರಿ? ಊರಿನ ಮುಂದೆ ತಲೆ ಎತ್ತಿ ನಿಲ್ಲುವುದೂ ಒಂದು ಅಗತ್ಯವೇ, ಅಲ್ವಾ?

ಮಿಲ್ಟನ್ ಫ್ರೀಡ್‌ಮನ್ 1957ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟಿದ್ದರು. ಜನ ದಿನದ ಖರ್ಚನ್ನು ಈ ತಿಂಗಳ ಆದಾಯ ನೋಡಿ ನಿರ್ಧರಿಸುವುದಿಲ್ಲ, ಮುಂದೆಯೂ ಬರುತ್ತದೆ ಎಂದು ನಂಬಿರುವ ಆದಾಯವನ್ನು ನೋಡಿ ನಿರ್ಧರಿಸುತ್ತಾರೆ. ಅನಿರೀಕ್ಷಿತವಾಗಿ ಬಂದದ್ದು ಉಳಿತಾಯಕ್ಕೋ ಬಾಳಿಕೆಯ ವಸ್ತುವಿಗೋ ಹೋಗುತ್ತದೆ. ಗ್ಯಾರಂಟಿ ಮುಂದಿನ ಚುನಾವಣೆಯ ನಂತರ ಇರುತ್ತದೋ ಇಲ್ಲವೋ ಎಂಬ ಅನುಮಾನ ಇರುವ ಮನೆ, ಅದನ್ನು ನಂಬಿ ದಿನಾ ಹಾಲು ಹಾಕಿಸಿಕೊಳ್ಳಲು ಹಿಂಜರಿಯುತ್ತದೆ.

ಅಕ್ಕಿಯ ಪರವಾದ ಮಾತು

ಇಷ್ಟು ಓದಿದವರು ದುಡ್ಡೇ ಒಳ್ಳೆಯದು ಎಂಬ ತೀರ್ಮಾನಕ್ಕೆ ಬರಬಹುದು. ಅಲ್ಲಿಗೆ ಹೋಗುವ ಮೊದಲು ಒಂದು ಮಾತು.

ಅಕ್ಕಿ ಬೆಲೆ ಏರಿದರೂ ಐದು ಕೆ.ಜಿ. ಅಕ್ಕಿ ಐದು ಕೆ.ಜಿ.ಯೇ. 170 ರೂಪಾಯಿ ಹಾಗಲ್ಲ. ಅಂಗಡಿಯಲ್ಲಿ ಅಕ್ಕಿ 34 ಇದ್ದರೆ ಮಾತ್ರ ಅದು ಐದು ಕೆ.ಜಿ.ಗೆ ಸಮ, 50 ಇದ್ದರೆ ಮೂರು ಕೆ.ಜಿ. 400 ಗ್ರಾಂ. ದುಡ್ಡು ಶುರುವಾದ ಜುಲೈ ತಿಂಗಳನ್ನೇ ನೆನಪಿಸಿಕೊಳ್ಳಿ. ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿತ್ತು, ತೊಗರಿಬೇಳೆಯೂ ನೂರರ ಮೇಲೆಯೇ ಇತ್ತು. ಮೊದಲ ಕಂತು ಬಂದಾಗ ಎಷ್ಟೋ ಮನೆಗಳಿಗೆ ಅದು ಹೊಸ ಆದಾಯವಾಗಿ ಕಾಣಲೇ ಇಲ್ಲ, ಏರಿದ ಬೆಲೆಯಲ್ಲಿ ಹಳೆಯ ಸಾರನ್ನೇ ಉಳಿಸಿಕೊಳ್ಳಲು ಹೋಯಿತು.

ಇನ್ನೊಂದು, ಮನೆ ಎಂದರೆ ಒಂದು ಮನಸ್ಸಲ್ಲ. ಅಕ್ಕಿ ನೇರವಾಗಿ ಅಡುಗೆಮನೆಗೆ ಹೋಗುತ್ತದೆ, ಅದನ್ನು ಕುಡಿಯಲು ಆಗುವುದಿಲ್ಲ. ದುಡ್ಡು ಯಾರ ಖಾತೆಗೆ ಬಿತ್ತು, ಎಟಿಎಂ ಕಾರ್ಡು ಯಾರ ಜೇಬಿನಲ್ಲಿದೆ ಎಂಬುದರ ಮೇಲೆ ಅದೇ 850 ಹಾಲಾಗುತ್ತದೋ ಹೆಂಡವಾಗುತ್ತದೋ ನಿಂತಿದೆ. ಅಕ್ಕಿಯೇ ಕೊಡಿ ಎಂದು ಎಷ್ಟೋ ಹೆಂಗಸರು ಹೇಳುವುದು ಈ ಅನುಭವದಿಂದ. ಅವರ ಮಾತನ್ನು ನಾನು ಯಾವ ಸಿದ್ಧಾಂತಕ್ಕಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಬ್ಯಾಂಕಿಗೆ ಹೋಗಲು ಒಂದು ದಿನದ ಕೂಲಿ ಬಿಡಬೇಕಾದ ಊರುಗಳೂ ಇವೆ.

ಹಾಗಾಗಿ ನನ್ನ ನಿಲುವು ಇಷ್ಟು. ಮನೆ ನಿಜವಾಗಿ ತಿನ್ನುವಷ್ಟರವರೆಗೆ ಅಕ್ಕಿಗಿಂತ ಒಳ್ಳೆಯ ಕೊಡುಗೆ ಇಲ್ಲ. ಆ ಗೆರೆ ದಾಟಿದ ಮೇಲೆ ಕೊಟ್ಟ ಅಕ್ಕಿ ಹೇಗಿದ್ದರೂ ದುಡ್ಡಾಗುತ್ತದೆ, ಅದೂ ಕೆಟ್ಟ ದರದಲ್ಲಿ. ಗೆರೆಯ ಆಚೆಗೆ ಕೊಡುವುದೇ ಆದರೆ ಒಂದೋ ಹೆಂಗಸಿನ ಕೈಗೆ ದುಡ್ಡು ಕೊಡಬೇಕು, ಇಲ್ಲವೇ ಆದಾಯ ಏರಿದಾಗ ಆ ಮನೆ ತಾನೇ ಹುಡುಕಿಕೊಂಡು ಹೋಗುವ ಪದಾರ್ಥ ಕೊಡಬೇಕು.

ಕಿಟ್ ಎಲ್ಲಿ ನಿಲ್ಲುತ್ತದೆ

ಈ ದೃಷ್ಟಿಯಿಂದ ನೋಡಿದರೆ 2025ರ ಅಕ್ಟೋಬರ್ ತೀರ್ಮಾನ ಸರಿಯಾದ ದಿಕ್ಕಿನದ್ದು. ಬೇಳೆ ಮತ್ತು ಎಣ್ಣೆ, ಬಡ ಮನೆಯ ಕೈ ಸ್ವಲ್ಪ ಸಡಿಲವಾದ ಕೂಡಲೇ ಹೆಚ್ಚು ಕೊಳ್ಳುವ ಪದಾರ್ಥಗಳು. ಸಾರು ಗಟ್ಟಿಯಾಗುವುದು, ಒಗ್ಗರಣೆಗೆ ಎರಡು ಚಮಚ ಎಣ್ಣೆ ಬೀಳುವುದು ಈ ಹಂತದಲ್ಲೇ. ಬೇಳೆಯಿಂದ ಮಕ್ಕಳಿಗೆ ಪ್ರೋಟೀನ್ ಸಿಗುತ್ತದೆ ಎಂಬುದು ಇನ್ನೊಂದು ಲಾಭ. ಅನ್ನ ಮಾತ್ರ ತಿನ್ನುವ ಮನೆಗೆ ಇನ್ನಷ್ಟು ಅನ್ನದಿಂದ ಆ ಕೊರತೆ ನೀಗುವುದಿಲ್ಲ.

ಉಪ್ಪಿನ ಬಗ್ಗೆ ನನಗೆ ತಕರಾರು ಇದೆ. ಆದಾಯ ಎಷ್ಟೇ ಏರಲಿ, ಇಳಿಯಲಿ, ಉಪ್ಪು ಬೇಕಾದಷ್ಟೇ ಬೇಕು. ಅಗ್ಗದ ಪದಾರ್ಥ ಬೇರೆ, ಬಡ ಮನೆಗೂ ಅದು ಹೊರೆಯಲ್ಲ. ಆ ಜಾಗದಲ್ಲಿ ಇನ್ನೊಂದಿಷ್ಟು ಬೇಳೆ ಹಾಕಬಹುದಿತ್ತು. ಸಕ್ಕರೆಯನ್ನೂ ಅಷ್ಟೇ, ಟೀ ಕುಡಿಯುವ ಮನೆ ಅದನ್ನು ತಾನೇ ತರುತ್ತದೆ. ಮೊಟ್ಟೆ ಅಥವಾ ಹಾಲಿನ ಪುಡಿಯಂಥದ್ದು ಇದ್ದಿದ್ದರೆ ಇನ್ನೂ ಚೆನ್ನಾಗಿತ್ತು, ಆದರೆ ನ್ಯಾಯಬೆಲೆ ಅಂಗಡಿಯಲ್ಲಿ ಮೊಟ್ಟೆ ಕಾಪಾಡುವುದು ಕಷ್ಟ ಎಂಬುದನ್ನು ಒಪ್ಪುತ್ತೇನೆ.

ಪ್ರದೇಶದ ಪ್ರಶ್ನೆಯೂ ಇದೆ. ಹಾಸನದ ಮನೆಯ ಸಾರಿಗೂ ರಾಯಚೂರಿನ ಮನೆಯ ಪಲ್ಯಕ್ಕೂ ಉಡುಪಿಯ ಸಾಂಬಾರಿಗೂ ಬೇಳೆ-ಎಣ್ಣೆಯ ಲೆಕ್ಕ ಬೇರೆಬೇರೆ. ಅಕ್ಕಿಯಲ್ಲಿ ಆದ ತಪ್ಪು ಬೇಳೆಯಲ್ಲೂ ಆಗಬಹುದು: ಎಲ್ಲರಿಗೂ ಒಂದೇ ಪದಾರ್ಥ, ಹೊಟ್ಟೆಗೆ ಹಿಡಿಯುವುದಕ್ಕಿಂತ ಜಾಸ್ತಿ. ಅದು ಆಗುತ್ತಿದೆಯೇ ಎಂದು ತಿಳಿಯಲು ದೊಡ್ಡ ಸಮೀಕ್ಷೆಯವರೆಗೆ ಕಾಯಬೇಕಿಲ್ಲ. ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಮೂರು ವಿಷಯ ಕೇಳಿದರೆ ಸಾಕು. ಬಿಪಿಎಲ್ ಮನೆಗಳು ಬೇಳೆ ಕೊಳ್ಳುವುದು ಕಡಿಮೆಯಾಗಿದೆಯೇ, ಅಥವಾ ಅಷ್ಟೇ ಕೊಳ್ಳುತ್ತಾ ಒಟ್ಟು ಜಾಸ್ತಿ ತಿನ್ನುತ್ತಿವೆಯೇ? ಅಲ್ಲಿ ಉಳಿದ ದುಡ್ಡು ಮೊಟ್ಟೆ, ತರಕಾರಿಯ ಕಡೆ ತಿರುಗಿದೆಯೇ, ಉದ್ರಿ ಖಾತೆ ತೀರಿಸಲು ಹೋಗಿದೆಯೇ? ಸರ್ಕಾರಿ ಕಿಟ್ಟಿನ ಎಣ್ಣೆ ಪ್ಯಾಕೆಟ್ ಅದೇ ಅಂಗಡಿಗೆ ಮರಳಿ ಮಾರಾಟಕ್ಕೆ ಬಂದಿದೆಯೇ? ಬಂದಿದ್ದರೆ ಎಷ್ಟಕ್ಕೆ ಬಂದಿದೆ ಎಂಬುದನ್ನೂ ಬರೆದುಕೊಳ್ಳಬೇಕು. ಸರ್ಕಾರ ಆ ಪ್ಯಾಕೆಟ್ಟಿಗೆ ಕೊಟ್ಟ ಬೆಲೆಗೂ ಮನೆ ಅದನ್ನು ಬಿಟ್ಟುಕೊಟ್ಟ ಬೆಲೆಗೂ ಇರುವ ಅಂತರವನ್ನು ಆಹಾರ ಇಲಾಖೆ ಪ್ರತಿ ತಿಂಗಳು, ತಾಲ್ಲೂಕುವಾರು ಲೆಕ್ಕ ಇಟ್ಟು ಪ್ರಕಟಿಸಬೇಕು.